1943ರ ಜನವರಿ 11: ಚೀನಾದಲ್ಲಿ ವಿದೇಶಿ ಕೋರ್ಟುಗಳ ಹಕ್ಕು ಹೋದದ್ದು ಹೇಗೆ

1930ರ ದಶಕದ ಶಾಂಘೈ. ಚೀನೀ ವ್ಯಾಪಾರಿಯೊಬ್ಬನಿಗೆ ಅಮೆರಿಕನ್ ಗಿರಾಕಿಯಿಂದ ಸರಕಿನ ಬಾಕಿ ಬರಬೇಕಾಗಿದೆ ಎಂದುಕೊಳ್ಳಿ. ಊರು ಚೀನಾದ್ದು, ಸರಕು ಚೀನಾದ್ದು, ಕರಾರು ಆದದ್ದೂ ಅಲ್ಲೇ. ಆದರೂ ದಾವೆ ಹೂಡಬೇಕಾದದ್ದು ಅದೇ ಊರಿನಲ್ಲಿದ್ದ ‘ಯುನೈಟೆಡ್ ಸ್ಟೇಟ್ಸ್ ಕೋರ್ಟ್ ಫಾರ್ ಚೀನಾ’ದಲ್ಲಿ. 1906ರಲ್ಲಿ ಅಮೆರಿಕದ ಕಾಂಗ್ರೆಸ್ ಸ್ಥಾಪಿಸಿದ ಕೋರ್ಟು ಅದು. ಚೀನಾದಲ್ಲಿರುವ ಅಮೆರಿಕನ್ನರಿಗೆಂದೇ ಬರೆದ ಪೂರ್ಣ ಸಂಹಿತೆ ಇಲ್ಲದ್ದರಿಂದ, ಅಲಾಸ್ಕಾಕ್ಕೂ ವಾಷಿಂಗ್ಟನ್ ನಗರವಿರುವ ಕೊಲಂಬಿಯಾ ಜಿಲ್ಲೆಗೂ ಮಾಡಿದ ಕಾನೂನುಗಳನ್ನು ತಂದು ಶಾಂಘೈನಲ್ಲಿ ಅನ್ವಯಿಸುತ್ತಿದ್ದರು. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಪೆಸಿಫಿಕ್ ಸಾಗರ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು. ಗಿರಾಕಿ ಬ್ರಿಟಿಷನಾಗಿದ್ದರೆ ಬೇರೊಂದು ಕೋರ್ಟು. ಅದು 1865ರಿಂದ ಅಲ್ಲೇ ಇತ್ತು, ಅದರ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ.

ನಿಯಮ ಸರಳವಾಗಿತ್ತು: ಪ್ರತಿವಾದಿ ಯಾವ ದೇಶದವನೋ ಆ ದೇಶದ ಕೋರ್ಟು, ಆ ದೇಶದ ಕಾನೂನು. ಇದರಿಂದ ಹುಟ್ಟಿದ ತೊಡಕುಗಳು ಮಾತ್ರ ಸರಳವಾಗಿರಲಿಲ್ಲ. ಮೊಕದ್ದಮೆಯಲ್ಲಿ ಪ್ರತಿವಾದಿಗೆ ವಾದಿಯ ಮೇಲೆಯೇ ಬಾಕಿ ಇದ್ದರೆ ಅದೇ ಕೋರ್ಟಿನಲ್ಲಿ ಪ್ರತಿಹಕ್ಕು ಸಾಧಿಸುವಂತಿರಲಿಲ್ಲ. ವಾದಿಯ ದೇಶದ ಕೋರ್ಟಿಗೆ ಹೋಗಿ ಹೊಸ ದಾವೆ ಹಾಕಬೇಕು. ಬೇರೆ ದೇಶದ ಸಾಕ್ಷಿ ಕಟಕಟೆಯಲ್ಲಿ ನಿಂತು ಸುಳ್ಳು ಹೇಳಿದರೆ ಅವನನ್ನು ಶಿಕ್ಷಿಸುವ ಅಧಿಕಾರ ಆ ನ್ಯಾಯಾಧೀಶನಿಗಿಲ್ಲ. ಒಂದೇ ಜಗಳದಲ್ಲಿ ಮೂರು ದೇಶದವರು ಸಿಕ್ಕಿಕೊಂಡರೆ ಮೂರು ಕೋರ್ಟು, ಮೂರು ಕಾನೂನು, ಮೂರು ತೀರ್ಪು. ಕಾನ್ಸುಲ್, ಅಂದರೆ ತನ್ನ ದೇಶದವರ ಮೊಕದ್ದಮೆ ನೋಡುವ ವಿದೇಶಿ ಪ್ರತಿನಿಧಿ, ಇಲ್ಲದ ಒಳನಾಡಿನಲ್ಲಿ ಅಪರಾಧ ನಡೆದರೆ ಆರೋಪಿಯನ್ನು ದೂರದ ಬಂದರು ನಗರಕ್ಕೆ ಸಾಗಿಸಬೇಕು. ಚೀನೀ ಸಾಕ್ಷಿಗಳು ಅಷ್ಟು ದೂರ ಹೋಗುವುದು ಎಲ್ಲಿಂದ?

ಈ ಹಕ್ಕನ್ನು ಇಲ್ಲಿ ಕ್ಷೇತ್ರಾತೀತ ಹಕ್ಕು ಎಂದು ಕರೆಯುತ್ತೇವೆ. ಕನ್ನಡದ ಓದುಗರಿಗೆ ಹತ್ತಿರದ ಹೋಲಿಕೆ ಬೆಂಗಳೂರಿನ ದಂಡು ಪ್ರದೇಶ. ನೆಲ ಮೈಸೂರು ಸಂಸ್ಥಾನದ್ದಾದರೂ ಆಡಳಿತ, ಪೊಲೀಸು, ಕೋರ್ಟು ಬ್ರಿಟಿಷರದ್ದು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು. ಚೀನಾದ ಸಂಗತಿ ಇದಕ್ಕಿಂತ ಸಿಕ್ಕಲು. ದಂಡಿಗೆ ಒಬ್ಬನೇ ಒಡೆಯ, ಅವನ ಅಧಿಕಾರ ದಂಡಿನ ಗಡಿಗೆ ಮುಗಿಯುತ್ತಿತ್ತು. ಚೀನಾದಲ್ಲಿ ಹಕ್ಕು ಮನುಷ್ಯನ ಬೆನ್ನಿಗೇ ಅಂಟಿಕೊಂಡಿತ್ತು. ಆತ ಸಿಚುವಾನ್‌ನ ಬೆಟ್ಟ ಹತ್ತಿದರೂ ಅದು ಜೊತೆಗೇ ಬರುತ್ತಿತ್ತು. ಹಕ್ಕುದಾರರೂ ಒಬ್ಬರಲ್ಲ, ಹತ್ತಾರು ದೇಶದವರು. (ಆ ಕಾಲದ ಕಾಗದಪತ್ರಗಳಲ್ಲಿ ಇರುವಂತೆ ಪೀಕಿಂಗ್, ನಾನ್‌ಕಿಂಗ್, ಚುಂಗ್‌ಕಿಂಗ್, ಕ್ಯಾಂಟನ್ ಎಂಬ ಹಳೆಯ ಹೆಸರುಗಳನ್ನೇ ಬಳಸಿದ್ದೇವೆ.)

ಹಕ್ಕು ಬಂದ ದಾರಿ

1784ರಲ್ಲಿ ‘ಲೇಡಿ ಹ್ಯೂಸ್’ ಎಂಬ ಬ್ರಿಟಿಷ್ ಹಡಗು ಕ್ಯಾಂಟನ್ ಬಳಿ ಗೌರವಾರ್ಥ ತೋಪು ಹಾರಿಸಿದಾಗ ಇಬ್ಬರು ಚೀನೀಯರು ಸತ್ತರು. ಹಡಗಿನವರು ತೋಪುಗಾರನನ್ನು ಒಪ್ಪಿಸಬೇಕಾಯಿತು, ಚೀನೀ ಅಧಿಕಾರಿಗಳು ಅವನ ಕತ್ತು ಬಿಗಿದು ಕೊಂದರು. 1821ರಲ್ಲಿ ‘ಎಮಿಲಿ’ ಎಂಬ ಅಮೆರಿಕನ್ ಹಡಗಿನ ನಾವಿಕ ಟೆರಾನೋವಾನಿಗೂ ಅದೇ ಗತಿಯಾಯಿತು. ಆಕಸ್ಮಿಕಕ್ಕೂ ಕೊಲೆಗೂ ಒಂದೇ ಶಿಕ್ಷೆ, ಒಬ್ಬನ ತಪ್ಪಿಗೆ ಹಡಗಿನವರೆಲ್ಲ ಹೊಣೆ ಎಂಬ ಅಂಜಿಕೆ ವಿದೇಶಿ ವರ್ತಕರಲ್ಲಿ ಬೇರೂರಿತು. ಅಂಜಿಕೆಗೆ ಆಧಾರವಿತ್ತು ಎಂದು ಒಪ್ಪಬೇಕು. ಆದರೆ ಆ ಅಂಜಿಕೆಯನ್ನು ನೂರು ವರ್ಷದ ಹಕ್ಕಾಗಿ ಮಾರ್ಪಡಿಸಿದ್ದು ಬ್ರಿಟನ್ ಹೂಡಿದ ಅಫೀಮು ಯುದ್ಧದ ತೋಪುಗಳು.

1842ರ ಆಗಸ್ಟ್ 29ರ ನಾನ್‌ಕಿಂಗ್ ಒಪ್ಪಂದ ಹಾಂಗ್‌ಕಾಂಗ್ ದ್ವೀಪವನ್ನು ಕಿತ್ತುಕೊಂಡು, ಐದು ಬಂದರುಗಳನ್ನು ತೆರೆಸಿತು. ಕೋರ್ಟಿನ ಹಕ್ಕು ಬಂದದ್ದು ಮರುವರ್ಷದ ಪೂರಕ ಒಪ್ಪಂದದಲ್ಲಿ. 1844ರ ಜುಲೈ 3ರಂದು ಮಕಾವ್ ಪಕ್ಕದ ವಾಂಗ್‌ಶ್ಯಾ ಹಳ್ಳಿಯಲ್ಲಿ ಅಮೆರಿಕದ ಕೇಲೆಬ್ ಕುಶಿಂಗ್ ಅದನ್ನೇ ಹೆಚ್ಚು ಬಿಗಿಯಾದ ಮಾತುಗಳಲ್ಲಿ ಬರೆಸಿಕೊಂಡರು. ಅಕ್ಟೋಬರ್‌ನಲ್ಲಿ ಫ್ರಾನ್ಸ್ ಹಿಂಬಾಲಿಸಿತು.

ಈ ಒಪ್ಪಂದಗಳಲ್ಲಿದ್ದ ಪರಮಾಪ್ತ ರಾಷ್ಟ್ರದ ಕಲಮು ಇಡೀ ಪ್ರಕರಣದ ಗಂಟು. ಚೀನಾ ಯಾವ ದೇಶಕ್ಕೆ ಯಾವ ಸವಲತ್ತು ಕೊಟ್ಟರೂ ಅದು ತಾನಾಗಿ ಉಳಿದ ಒಪ್ಪಂದದಾರರಿಗೂ ದಕ್ಕುತ್ತದೆ. ಕೊಡುವಾಗ ಹೀಗೆ ತಾನಾಗಿ ಹರಡಿದ್ದು ಬಿಡಿಸಿಕೊಳ್ಳುವಾಗ ಮಾತ್ರ ಒಂದೊಂದಾಗಿ ಬಿಡಿಸಬೇಕು. ಒಂದು ದೇಶ ಬಿಟ್ಟರೆ ಅದರ ವ್ಯಾಪಾರಿ ಚೀನೀ ಕೋರ್ಟಿಗೆ ಬೀಳುತ್ತಾನೆ, ಪಕ್ಕದ ಅಂಗಡಿಯ ಪೈಪೋಟಿಗಾರ ಹೊರಗಿರುತ್ತಾನೆ. ಹೀಗಾಗಿ ‘ಉಳಿದವರೆಲ್ಲ ಬಿಟ್ಟರೆ ನಾವೂ ಬಿಡುತ್ತೇವೆ’ ಎಂಬ ಉತ್ತರ ಎಲ್ಲ ರಾಜಧಾನಿಗಳಿಂದಲೂ ಬರುತ್ತಿತ್ತು. ಯಾರೂ ಸುಳ್ಳು ಹೇಳದೆಯೇ ಎಲ್ಲರೂ ಕಾಲ ತಳ್ಳಬಹುದಾದ ಏರ್ಪಾಡು ಅದು.

ನಲವತ್ತು ವರ್ಷದ ಷರತ್ತು

1902ರ ಬ್ರಿಟಿಷ್ ವಾಣಿಜ್ಯ ಒಪ್ಪಂದದ 12ನೆಯ ಕಲಮು ಒಂದು ಭರವಸೆ ಕೊಟ್ಟಿತು: ಚೀನಾದ ಕಾನೂನು, ಅದನ್ನು ಜಾರಿ ಮಾಡುವ ವ್ಯವಸ್ಥೆ ತೃಪ್ತಿಕರ ಅನ್ನಿಸಿದಾಗ ಹಕ್ಕು ಬಿಡುತ್ತೇವೆ. ಮರುವರ್ಷ ಅಮೆರಿಕ, ಜಪಾನ್‌ಗಳೂ ಹಾಗೇ ಬರೆದುಕೊಟ್ಟವು. ತೃಪ್ತಿಯಾಗಬೇಕಾದದ್ದು ಯಾರಿಗೆ? ಹಕ್ಕು ಅನುಭವಿಸುತ್ತಿದ್ದವರಿಗೇ.

ಜಪಾನ್ ಇದೇ ಬಗೆಯ ಷರತ್ತನ್ನು ಪೂರೈಸಿ ತೋರಿಸಿತ್ತು. ಹೊಸ ಸಂಹಿತೆಗಳನ್ನು ತಂದು, 1894ರಲ್ಲಿ ಬ್ರಿಟನ್ ಜೊತೆ ಒಪ್ಪಂದ ಮಾಡಿಕೊಂಡು, 1899ರಲ್ಲಿ ತನ್ನ ನೆಲದ ವಿದೇಶಿ ಕೋರ್ಟುಗಳನ್ನು ಮುಚ್ಚಿಸಿತು. ತುರ್ಕಿ ಯುದ್ಧ ಗೆದ್ದು 1923ರ ಲೋಸಾನ್ ಒಪ್ಪಂದದಲ್ಲಿ ಅದನ್ನೇ ಪಡೆಯಿತು. ಚೀನಾಕ್ಕೆ ಜಪಾನಿನ ಹಾದಿ ತೋರಿಸಲಾಯಿತಾದರೂ, ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ಬಳಿಕ 1901ರಲ್ಲಿ ಹೊರಿಸಿದ 45 ಕೋಟಿ ಟೇಲ್ ಬೆಳ್ಳಿಯ ದಂಡ ಕಟ್ಟುತ್ತ, ಒಳಗೆ ಸೇನಾಧಿಪತಿಗಳು ಕಚ್ಚಾಡುತ್ತಿರುವಾಗ ಆ ಹಾದಿ ನಡೆಯುವಂತಿರಲಿಲ್ಲ.

ಮೊದಲು ಹಕ್ಕು ಕಳೆದುಕೊಂಡವರು ಯುದ್ಧದಲ್ಲಿ ಸೋತವರು ಮತ್ತು ಕ್ರಾಂತಿಯಾದವರು. 1917ರಲ್ಲಿ ಚೀನಾ ಯುದ್ಧ ಸಾರಿದ್ದರಿಂದ ಜರ್ಮನಿ, ಆಸ್ಟ್ರಿಯಾಗಳ ಹಕ್ಕು ಹೋಯಿತು. ಸೋವಿಯತ್ ಒಕ್ಕೂಟ 1924ರ ಮೇ 31ರ ಒಪ್ಪಂದದಲ್ಲಿ ಬಿಟ್ಟುಕೊಟ್ಟಿತು. ಯುದ್ಧ ಸಾರುವುದರಿಂದ ಹಳೆಯ ಒಪ್ಪಂದ ಬೀಳುತ್ತದೆ ಎಂಬುದನ್ನು ಚೀನೀ ರಾಜತಂತ್ರಜ್ಞರು ಅಲ್ಲೇ ಕಲಿತರು.

ದೊಡ್ಡ ದೇಶಗಳು 1921-22ರಲ್ಲಿ ನಡೆಸಿದ ವಾಷಿಂಗ್ಟನ್ ಸಮ್ಮೇಳನದ ನಿರ್ಣಯದಂತೆ 1926ರ ಜನವರಿ 12ರಂದು ಪೀಕಿಂಗ್‌ನಲ್ಲಿ 13 ದೇಶಗಳ ಆಯೋಗ ಕೂತು, ಕೋರ್ಟು, ಜೈಲು ಸುತ್ತಿ ನೋಡಿ, ಸೆಪ್ಟೆಂಬರ್ 16ಕ್ಕೆ ವರದಿ ಮುಗಿಸಿತು. ಸೈನ್ಯದವರು ಕೋರ್ಟಿನಲ್ಲಿ ಕೈಯಾಡಿಸುತ್ತಾರೆ, ಹಣವಿಲ್ಲ, ಸಂಹಿತೆ ಪೂರ್ತಿಯಾಗಿಲ್ಲ, ಆದ್ದರಿಂದ ಈಗ ಬೇಡ ಎಂಬುದು ಅದರ ಸಾರ. ವರದಿಯ ದೋಷಪಟ್ಟಿ ಬಹುಪಾಲು ನಿಜ. ಆದರೆ ಅದೇ ವರದಿ ವಿದೇಶಿ ಕೋರ್ಟುಗಳ ದೋಷಗಳನ್ನೂ, ಅಂದರೆ ಮೇಲೆ ಹೇಳಿದ ಪ್ರತಿಹಕ್ಕು, ಸುಳ್ಳುಸಾಕ್ಷಿಯ ತೊಡಕುಗಳನ್ನೂ ದಾಖಲಿಸಿತ್ತು. ಹೊರಗೆ ಬೀದಿ ಕಾದಿತ್ತು: ಹಿಂದಿನ ವರ್ಷ, 1925ರ ಮೇ 30ರಂದು, ಶಾಂಘೈನ ನಾನ್‌ಕಿಂಗ್ ರಸ್ತೆಯಲ್ಲಿ ಬ್ರಿಟಿಷ್ ಇನ್‌ಸ್ಪೆಕ್ಟರನ ಆಜ್ಞೆಯ ಮೇರೆಗೆ ಪ್ರತಿಭಟನಾಕಾರರ ಮೇಲೆ ಗುಂಡು ಹಾರಿತ್ತು. ಹಾರಿಸಿದವರು ಸಿಖ್ ಮತ್ತು ಚೀನೀ ಪೇದೆಗಳು.

ಇಲ್ಲಿ ಭಾರತದ ಎಳೆ ಬರುತ್ತದೆ, ಅದನ್ನು ಮುಚ್ಚಿಡಬಾರದು. ಬ್ರಿಟಿಷ್ ಪ್ರಜೆಗಳೆಂಬ ಕಾರಣಕ್ಕೆ ಶಾಂಘೈನ ಭಾರತೀಯರೂ ಬ್ರಿಟಿಷ್ ಕೋರ್ಟಿನ ವ್ಯಾಪ್ತಿಗೇ ಸೇರಿದ್ದರು. ಅದು ಸಿಖ್ ಪೊಲೀಸನಿಗೆ ರಕ್ಷೆಯಾದರೆ, ಗದರ್ ಚಳವಳಿ ಸೇರಿದವನಿಗೆ ಉರುಲು. ಚೀನಾದ ನೆಲದಲ್ಲಿ ಬ್ರಿಟಿಷರ ವಿರುದ್ಧ ಮಾತಾಡಿದ ಭಾರತೀಯನನ್ನು ಹಿಡಿದು, ವಿಚಾರಿಸಿ, ಗಡೀಪಾರು ಮಾಡುವುದಕ್ಕೆ ಬ್ರಿಟಿಷರಿಗೆ ಚೀನಾ ಸರ್ಕಾರದ ಅನುಮತಿ ಬೇಕಿರಲಿಲ್ಲ.

ಚೀನಾದ ರಾಷ್ಟ್ರೀಯವಾದಿ ಸರ್ಕಾರ ಒತ್ತಡ ಹೆಚ್ಚಿಸುತ್ತ ಹೋಯಿತು. ಹ್ಯಾಂಕೌ, ಜಿಯುಜಿಯಾಂಗ್ ನಗರಗಳ ಬ್ರಿಟಿಷ್ ವಸಾಹತುಗಳು, ಅಂದರೆ ವಿದೇಶಿಯರೇ ಆಡಳಿತ ನಡೆಸುತ್ತಿದ್ದ ಬಡಾವಣೆಗಳು, 1927ರಲ್ಲಿ ಮರಳಿದವು. 1928ರಲ್ಲಿ ಅಮೆರಿಕ, ಬ್ರಿಟನ್‌ಗಳು ಸುಂಕ ನಿರ್ಧರಿಸುವ ಅಧಿಕಾರವನ್ನು ಒಪ್ಪಿದವು. 1929ರ ಡಿಸೆಂಬರ್ 28ರಂದು ಚೀನಾ ಏಕಪಕ್ಷೀಯವಾಗಿ ಹಕ್ಕುಗಳ ರದ್ದತಿ ಘೋಷಿಸಿತಾದರೂ ಜಾರಿ ಮಾಡುವ ಬಲವಿರಲಿಲ್ಲ. 1931ರ ಜೂನ್‌ನಲ್ಲಿ ಬ್ರಿಟನ್ನಿನ ಮೈಲ್ಸ್ ಲ್ಯಾಂಪ್ಸನ್, ಚೀನಾದ ವಾಂಗ್ ಝೆಂಗ್‌ಟಿಂಗ್ ಒಂದು ಕರಡಿಗೆ ಬಂದರು: ಶಾಂಘೈಗೆ 10 ವರ್ಷ, ತಿಯೆನ್‌ಸಿನ್‌ಗೆ 5 ವರ್ಷ ರಿಯಾಯಿತಿ, ಉಳಿದೆಡೆ ರದ್ದು. ಸೆಪ್ಟೆಂಬರ್ 18ರಂದು ಜಪಾನ್ ಮಂಚೂರಿಯಾಕ್ಕೆ ನುಗ್ಗಿತು, ಕರಡು ಕಪಾಟು ಸೇರಿತು. ಅಪಾಯ ಬಂದಾಗ ವಿದೇಶಿ ವಸಾಹತುಗಳು ಇದ್ದರೇ ಮೇಲು ಎಂಬ ಲೆಕ್ಕ ಆಗ ಚೀನಾದ ಕಡೆಯಲ್ಲೂ ಇತ್ತು.

1942: ಬೆಲೆ ತಲೆಕೆಳಗಾದ ವರ್ಷ

1940ರ ಜುಲೈ 18ರಂದು ಚರ್ಚಿಲ್ ಕಾಮನ್ಸ್ ಸಭೆಯಲ್ಲಿ ಎರಡು ಮಾತು ಹೇಳಿದರು. ಜಪಾನಿನ ಒತ್ತಾಯಕ್ಕೆ ಮಣಿದು ಚೀನಾಕ್ಕೆ ಯುದ್ಧಸಾಮಗ್ರಿ ಹೋಗುವ ಬರ್ಮಾ ರಸ್ತೆಯನ್ನು ಮೂರು ತಿಂಗಳು ಮುಚ್ಚುತ್ತೇವೆ. ಯುದ್ಧ ಮುಗಿದ ಮೇಲೆ ಕ್ಷೇತ್ರಾತೀತ ಹಕ್ಕು ಬಿಡುವ ಬಗ್ಗೆ ಮಾತಾಡಲು ಸಿದ್ಧ. 1941ರ ಮೇ 31ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಕೂಡ ಪತ್ರದಲ್ಲಿ ಅದೇ ಬರೆದರು: ಶಾಂತಿ ನೆಲೆಸಿದ ಮೇಲೆ. 1902ರ ಷರತ್ತು ‘ಸುಧಾರಣೆಯಾದ ಮೇಲೆ’ ಎಂದಿದ್ದರೆ, ಈಗ ‘ಶಾಂತಿಯಾದ ಮೇಲೆ’. ಗಡುವು ಮಾತ್ರ ಎಂದಿನಂತೆ ಕೊಡುವವರ ಕೈಯಲ್ಲೇ.

1941ರ ಡಿಸೆಂಬರ್ 8ರ ಬೆಳಗ್ಗೆ ಜಪಾನಿ ಸೈನ್ಯ ಶಾಂಘೈನ ಅಂತರರಾಷ್ಟ್ರೀಯ ವಸಾಹತಿಗೆ ಕಾಲಿಟ್ಟಿತು. ಅಮೆರಿಕದ ಕೋರ್ಟು, ಬ್ರಿಟಿಷ್ ಕೋರ್ಟು ಎರಡೂ ಅಂದಿಗೆ ನಿಂತವು. ಹಾಂಗ್‌ಕಾಂಗ್ ಡಿಸೆಂಬರ್ 25ಕ್ಕೆ, ಸಿಂಗಾಪುರ 1942ರ ಫೆಬ್ರವರಿ 15ಕ್ಕೆ ಬಿದ್ದವು. ಹಕ್ಕು ಚಲಾಯಿಸಬಹುದಾದ ಬಂದರುಗಳೆಲ್ಲ ಈಗ ಶತ್ರುವಿನ ಕೈಯಲ್ಲಿ. ಇನ್ನೊಂದೆಡೆ ಜಪಾನಿನ ದೊಡ್ಡ ಸೈನ್ಯವನ್ನು ಚೀನಾ ತನ್ನ ನೆಲದಲ್ಲಿ ಹಿಡಿದಿಟ್ಟಿತ್ತು. ಚಿಯಾಂಗ್ ಕೈ-ಶೇಕ್ ಸರ್ಕಾರ ಕೈಚೆಲ್ಲಿ ಸಂಧಿ ಮಾಡಿಕೊಂಡರೆ ಆ ಸೈನ್ಯ ಬೇರೆಡೆಗೆ ತಿರುಗುತ್ತದೆ. ಹಕ್ಕಿನ ಬೆಲೆ ಕುಸಿದಾಗಲೇ ಚೀನಾ ಯುದ್ಧದಲ್ಲಿ ಉಳಿಯುವುದರ ಬೆಲೆ ಏರಿತು. ನಲವತ್ತು ವರ್ಷ ಕೇಳಿದ ನ್ಯಾಯಾಂಗ ಸುಧಾರಣೆ ಆ ವರ್ಷ ಹೆಚ್ಚೇನೂ ಮುಂದೆ ಹೋಗಿರಲಿಲ್ಲ. ಹಕ್ಕು ಹೋದದ್ದು ಈ ಎರಡು ಬೆಲೆಗಳು ಅದಲುಬದಲಾದದ್ದರಿಂದ ಎಂಬುದು ನಮ್ಮ ಓದು.

ಆದರೂ ಕೂಡಲೇ ಆಗಲಿಲ್ಲ. 1942ರ ವಸಂತದಲ್ಲಿ ಎರಡೂ ದೇಶಗಳ ವಿದೇಶಾಂಗ ಕಚೇರಿಗಳಲ್ಲಿ ಒಂದೇ ವಾದ: ಸೋಲಿನ ಮೇಲೆ ಸೋಲು ಕಾಣುತ್ತಿರುವಾಗ ಬಿಟ್ಟರೆ ದೌರ್ಬಲ್ಯದಂತೆ ಕಾಣುತ್ತದೆ, ಗಾಳಿ ತಿರುಗಲಿ. ಅದೇ ಫೆಬ್ರವರಿಯಲ್ಲಿ ಚಿಯಾಂಗ್ ಭಾರತಕ್ಕೆ ಬಂದು, ಕಲ್ಕತ್ತಾದಲ್ಲಿ ಗಾಂಧೀಜಿಯನ್ನು ಕಂಡು, ಭಾರತೀಯರಿಗೆ ನಿಜವಾದ ರಾಜಕೀಯ ಅಧಿಕಾರ ಕೊಡಿ ಎಂದು ಬ್ರಿಟನ್ನಿಗೆ ಬಹಿರಂಗವಾಗಿ ಹೇಳಿ ಹೋಗಿದ್ದರು. ಲಂಡನ್ನಿಗೆ ಅದು ಹಿಡಿಸಲಿಲ್ಲ.

ಆಗಸ್ಟ್ ಕೊನೆಗೆ ಹಲ್ ಲಂಡನ್ನಿನ ರಾಯಭಾರಿ ವೈನಾಂಟ್‌ಗೆ ತಂತಿ ಕಳಿಸಿ ಬ್ರಿಟಿಷರ ಮನಸ್ಸು ತಿಳಿಯಲು ಹೇಳಿದರು. ಈಗ ಬಿಟ್ಟರೆ ಚೀನಾದ ಮನೋಬಲ ಏರುತ್ತದೆ. ಹೇಗೂ ಬಿಡಬೇಕಾದ ಹಳೆಯ ಅಸಂಗತಿ ತೊಲಗುತ್ತದೆ. ಬದಲಿಗೆ ಚೀನಾದಲ್ಲಿ ತಮ್ಮವರಿಗೆ ಸಾಮಾನ್ಯ ಹಕ್ಕುಗಳನ್ನು ಬರೆಸಿಕೊಳ್ಳಬಹುದು ಎಂಬುದು ಅವರ ಲೆಕ್ಕ. ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಒಪ್ಪಿತು. ಅಕ್ಟೋಬರ್ 9ರಂದು ಚೀನೀ ರಾಯಭಾರಿ ವೇ ದಾವ್‌ಮಿಂಗ್‌ಗೆ ತಿಳಿಸಿ, 10ರಂದು, ಅಂದರೆ 1911ರ ಕ್ರಾಂತಿಯ ವಾರ್ಷಿಕೋತ್ಸವದಂದು, ಎರಡೂ ದೇಶ ಪ್ರಕಟಿಸಿದವು. ನಾನ್‌ಕಿಂಗ್ ಒಪ್ಪಂದಕ್ಕೆ ಅದು ನೂರನೆಯ ವರ್ಷ.

ಕರಡು ಬರೆಯುವ ಮೊದಲೇ ತತ್ವವನ್ನು ಪ್ರಕಟಿಸಿದ್ದು ಜಾಣ ಹೆಜ್ಜೆ. ಅಂದಿನಿಂದ ಹಿಂದೆ ಸರಿಯುವುದು ಅಮೆರಿಕ, ಬ್ರಿಟನ್‌ಗಳಿಗೆ ಸಾಧ್ಯವಿರಲಿಲ್ಲ. ಆದರೆ ಅದೇ ಹಗ್ಗ ಚೀನಾವನ್ನೂ ಕಟ್ಟಿತು: ಗೆಲುವೆಂದು ಜನ ಆಗಲೇ ಹಿಗ್ಗಿದ್ದರು, ಸಣ್ಣಪುಟ್ಟದಕ್ಕೆ ಮಾತುಕತೆ ಮುರಿಯುವಂತಿರಲಿಲ್ಲ. ಡಿಸೆಂಬರ್‌ನಲ್ಲಿ ಅದು ಗೊತ್ತಾಯಿತು.

ಎರಡು ಮೇಜು, ಒಂದು ಒಪ್ಪಂದ

ಅಮೆರಿಕದ ಜೊತೆ ಮಾತುಕತೆ ವಾಷಿಂಗ್ಟನ್‌ನಲ್ಲಿ, ಹಲ್ ಮತ್ತು ವೇ ದಾವ್‌ಮಿಂಗ್ ನಡುವೆ. ಅಕ್ಟೋಬರ್ 24ರಂದು ಎಂಟು ಕಲಮುಗಳ ಕರಡು ಕೈಗೆ ಬಂತು. ಬ್ರಿಟನ್ ಜೊತೆ ಚೀನಾದ ಯುದ್ಧಕಾಲದ ರಾಜಧಾನಿ ಚುಂಗ್‌ಕಿಂಗ್‌ನಲ್ಲಿ, ರಾಯಭಾರಿ ಹೊರೇಸ್ ಸೀಮೋರ್ ಮತ್ತು ವಿದೇಶಾಂಗ ಸಚಿವ ಟಿ.ವಿ. ಸೂಂಗ್ ನಡುವೆ, ಲಂಡನ್ನಿನಿಂದ ಬಂದಿದ್ದ ರಾಯಭಾರಿ ವೆಲಿಂಗ್ಟನ್ ಕೂ ಪಕ್ಕದಲ್ಲಿದ್ದರು. ಬ್ರಿಟಿಷರೂ ಅಮೆರಿಕನ್ನರೂ ಕರಡುಗಳನ್ನು ಪರಸ್ಪರ ತೋರಿಸಿಕೊಳ್ಳುತ್ತಿದ್ದರು, ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ನಿರಾಕರಿಸುವ ಪ್ರಸಂಗ ಬಾರದಿರಲಿ ಎಂದು. ಚೀನಾ ಅದನ್ನೇ ತನ್ನ ಅನುಕೂಲಕ್ಕೆ ಬಳಸಿತು: ಸುಲಭವಾದದ್ದನ್ನು ಮೊದಲು ವಾಷಿಂಗ್ಟನ್‌ನಲ್ಲಿ ಗೆದ್ದು ಆಮೇಲೆ ಸೀಮೋರ್ ಮುಂದೆ ಇಡುವುದು.

ಒಪ್ಪಂದದ ಮುಖ್ಯ ಪಠ್ಯ ಚಿಕ್ಕದು. ಒಂದನೆಯ ಕಲಮು ಕೋರ್ಟಿನ ಹಕ್ಕನ್ನು ರದ್ದು ಮಾಡಿ, ಅಮೆರಿಕನ್ನರು ಅಂತರರಾಷ್ಟ್ರೀಯ ಕಾನೂನಿನ ತತ್ವಗಳಿಗೆ ಅನುಸಾರ ಚೀನಾದ ನ್ಯಾಯವ್ಯಾಪ್ತಿಗೆ ಒಳಪಡುತ್ತಾರೆ ಎಂದಿತು. ಅದರಲ್ಲಿ ಯಾವ ಷರತ್ತೂ ಇಲ್ಲ. ವಿದೇಶಿ ಸಲಹೆಗಾರ ನ್ಯಾಯಾಧೀಶರಿಲ್ಲ, ರಿಯಾಯಿತಿಯ ವರ್ಷಗಳಿಲ್ಲ, ಶಾಂಘೈಗೆ ವಿನಾಯಿತಿಯಿಲ್ಲ. 1931ರ ಕರಡಿನ ಪಕ್ಕ ಇದನ್ನಿಟ್ಟು ನೋಡಿದರೆ ಹನ್ನೊಂದು ವರ್ಷದಲ್ಲಿ ಆದ ಬದಲಾವಣೆ ಕಾಣುತ್ತದೆ. ಎರಡನೆಯದು 1901ರ ಬಾಕ್ಸರ್ ಒಪ್ಪಂದವನ್ನು ಕೊನೆಗೊಳಿಸಿ ಪೀಕಿಂಗ್‌ನ ರಾಯಭಾರಿ ಬಡಾವಣೆಯನ್ನು ಮರಳಿಸಿತು. ಮೂರನೆಯದು ಶಾಂಘೈ, ಅಮೋಯ್ ಅಂತರರಾಷ್ಟ್ರೀಯ ವಸಾಹತುಗಳನ್ನು. ಬ್ರಿಟಿಷ್ ಒಪ್ಪಂದದಲ್ಲಿ ಇದರ ಜೊತೆ ತಿಯೆನ್‌ಸಿನ್, ಕ್ಯಾಂಟನ್‌ಗಳ ಬ್ರಿಟಿಷ್ ವಸಾಹತುಗಳೂ ಸೇರಿದವು.

ಕಷ್ಟವಾದದ್ದು ನಾಲ್ಕನೆಯ ಕಲಮು, ಜಮೀನಿನದ್ದು. ಬಂದರು ನಗರಗಳಲ್ಲಿ ವಿದೇಶಿಯರು ಬೆಲೆಬಾಳುವ ನೆಲವನ್ನು ಶಾಶ್ವತ ಗುತ್ತಿಗೆಯ ಪತ್ರಗಳ ಮೇಲೆ ಹಿಡಿದಿದ್ದರು. ಆ ಪತ್ರಗಳಿಗೆ ಆಧಾರವಾದ ಹಳೆಯ ಒಪ್ಪಂದಗಳೇ ಬಿದ್ದರೆ ಪತ್ರದ ಗತಿ ಏನು? ಹೀಗೆ ಬಗೆಹರಿಸಿದರು: ಈಗಿರುವ ಹಕ್ಕು ಊರ್ಜಿತ, ವಂಚನೆಯಿಂದ ಪಡೆದದ್ದೆಂದು ಸಾಬೀತಾದರೆ ಮಾತ್ರ ಪ್ರಶ್ನಿಸಬಹುದು, ಚೀನಾ ಬಯಸಿದರೆ ಗುತ್ತಿಗೆ ಪತ್ರಕ್ಕೆ ಬದಲಾಗಿ ಮಾಲೀಕತ್ವದ ಹೊಸ ಹಕ್ಕುಪತ್ರ ಕೊಡಬಹುದು, ಅದಕ್ಕೆ ಯಾವ ಶುಲ್ಕವೂ ಇಲ್ಲ, ಆಸ್ತಿ ಇನ್ನು ಮುಂದೆ ಚೀನಾದ ತೆರಿಗೆ, ರಕ್ಷಣೆ, ಭೂಸ್ವಾಧೀನ ಕಾನೂನುಗಳಿಗೆ ಒಳಪಡುತ್ತದೆ, ಚೀನಾದ ಸ್ಪಷ್ಟ ಒಪ್ಪಿಗೆಯಿಲ್ಲದೆ ಮೂರನೆಯ ದೇಶದವರಿಗೆ ಪರಭಾರೆ ಮಾಡುವಂತಿಲ್ಲ. ಕೊನೆಯ ಮಾತಿನ ಉಪಯೋಗ ಸ್ಪಷ್ಟ: ಹಕ್ಕು ಬಿಡದ ದೇಶದವನ ಹೆಸರಿಗೆ ಆಸ್ತಿ ದಾಟಿಸಿ ತಪ್ಪಿಸಿಕೊಳ್ಳುವ ಕಿಂಡಿ ಅದರಿಂದ ಮುಚ್ಚಿತು.

ಉಳಿದದ್ದನ್ನೆಲ್ಲ ಜೊತೆಯ ಪತ್ರ ವಿನಿಮಯದಲ್ಲಿ ತುಂಬಿದರು. ಅಮೆರಿಕದ ಕರಡಿನಲ್ಲಿ ‘ಸಂಬಂಧಿತ ಹಕ್ಕುಗಳು’ ಎಂದು ಸುಮ್ಮನೆ ಹೇಳಿದ್ದರ ಬದಲು ಒಂದೊಂದನ್ನೂ ಹೆಸರಿಸಬೇಕೆಂದು ಚೀನಾ ಪಟ್ಟು ಹಿಡಿದದ್ದರ ಫಲವಾಗಿ ಇವೂ ರದ್ದಾದವು: ಒಪ್ಪಂದದಿಂದ ವಿದೇಶಿಯರಿಗೆ ತೆರೆದ ಬಂದರುಗಳ ಪದ್ಧತಿ, ಶಾಂಘೈ ಮತ್ತು ಅಮೋಯ್ ವಸಾಹತುಗಳ ವಿಶೇಷ ಕೋರ್ಟು, ಬಂದರಿನಲ್ಲಿ ಹಡಗಿಗೆ ದಾರಿ ತೋರುವ ವಿದೇಶಿ ಪೈಲಟ್‌ಗಳ ನೇಮಕ, ಅನುಮತಿಯಿಲ್ಲದೆ ಯುದ್ಧನೌಕೆ ಒಳಬರುವುದು, ಕರಾವಳಿ ವ್ಯಾಪಾರ, ಒಳನಾಡಿನ ನದಿ ಸಂಚಾರ. ಯಾಂಗ್‌ಟ್ಸಿ ನದಿಯಲ್ಲಿ ವಿದೇಶಿ ಸ್ಟೀಮರುಗಳ ಕಾರುಬಾರು ದೊಡ್ಡದಿದ್ದುದರಿಂದ ಕೊನೆಯ ಎರಡು ಬಾಬುಗಳ ಮೇಲೆ ಎಳೆದಾಟ ಹೆಚ್ಚು ನಡೆಯಿತು. ಆ ವಹಿವಾಟಿನ ಆಸ್ತಿಯನ್ನು ಮಾಲೀಕರು ಮಾರಲು ಬಯಸಿದರೆ ಸಾಕಷ್ಟು ಪರಿಹಾರ ಕೊಟ್ಟು ಕೊಳ್ಳಲು ಚೀನಾ ಒಪ್ಪಿತು. ಮುಗಿದ ತೀರ್ಪುಗಳನ್ನು ಮತ್ತೆ ಕೆದಕುವಂತಿಲ್ಲ. ಬಾಕಿ ಮೊಕದ್ದಮೆಗಳನ್ನು ವಾದಿ ಬಯಸಿದರೆ ಚೀನೀ ಕೋರ್ಟಿಗೆ ವರ್ಗಾಯಿಸಬೇಕು, ಅದು ಸಾಧ್ಯವಾದಷ್ಟು ಮಟ್ಟಿಗೆ ಅಮೆರಿಕದ ಕಾನೂನನ್ನೇ ಅನ್ವಯಿಸಿ ತೀರ್ಮಾನಿಸಬೇಕು. ಇಂಥ ಸಾಲುಗಳಿಲ್ಲದೆ ಹಕ್ಕು ರದ್ದಾದರೆ ಸಾಮಾನ್ಯ ದಾವೆದಾರನ ಕಡತ ಎರಡು ವ್ಯವಸ್ಥೆಗಳ ನಡುವೆ ನೇತಾಡುತ್ತದೆ.

ಐದನೆಯ ಕಲಮಿನ ಒಂದು ವಾಕ್ಯವನ್ನು ಹತ್ತಿರದಿಂದ ನೋಡಬೇಕು. ಅಮೆರಿಕ ತನ್ನ ನೆಲದಲ್ಲಿ ಚೀನೀಯರಿಗೆ ಓಡಾಡುವ, ವಾಸಿಸುವ, ವ್ಯಾಪಾರ ಮಾಡುವ ಹಕ್ಕನ್ನು ಬಹುಕಾಲದಿಂದ ಕೊಟ್ಟಿರುವುದರಿಂದ ಚೀನಾವೂ ಅಮೆರಿಕನ್ನರಿಗೆ ಅಂಥದ್ದೇ ಹಕ್ಕು ಕೊಡುತ್ತದೆ ಎನ್ನುತ್ತದೆ ಅದು. ಈ ವಾಕ್ಯಕ್ಕೆ ಸಹಿ ಬಿದ್ದ ದಿನ 1882ರ ಚೀನೀ ಬಹಿಷ್ಕಾರ ಕಾಯಿದೆ ಅಮೆರಿಕದಲ್ಲಿ ಜಾರಿಯಲ್ಲೇ ಇತ್ತು. ಅದು ರದ್ದಾದದ್ದು 1943ರ ಡಿಸೆಂಬರ್ 17ರಂದು. ಬದಲಿಗೆ ಸಿಕ್ಕ ವಾರ್ಷಿಕ ಕೋಟಾ 105 ಜನ. ‘ಪರಸ್ಪರ’ ಎಂಬ ಮಾತಿಗೆ ಚೀನಾ ಕೊಟ್ಟ ಬೆಲೆಯನ್ನು ತೂಗುವಾಗ ಈ ಸಂಖ್ಯೆ ನೆನಪಿರಬೇಕು. ವಾಣಿಜ್ಯದಲ್ಲೂ ಸ್ವದೇಶಿಯರ ಸಮಾನ ಉಪಚಾರ ಕೊಡಿ ಎಂಬ ಬೇಡಿಕೆಯನ್ನು ಮಾತ್ರ ಚೀನಾ ತಡೆಯಿತು. ಅದನ್ನು ಯುದ್ಧ ನಿಂತ ಆರು ತಿಂಗಳೊಳಗೆ ಮಾತುಕತೆ ಶುರುವಾಗಬೇಕಾದ ಮುಂದಿನ ವಾಣಿಜ್ಯ ಒಪ್ಪಂದಕ್ಕೆ ಬಿಟ್ಟರು.

ಕೌಲೂನ್ ಬಳಿ ನಿಂತ ಗಾಡಿ

ಬ್ರಿಟಿಷ್ ಮೇಜಿನಲ್ಲಿ ಎಲ್ಲ ಮುಗಿದರೂ ಒಂದು ಉಳಿಯಿತು. ಹಾಂಗ್‌ಕಾಂಗ್‌ನ ಕೌಲೂನ್‌ಗೆ ತಾಗಿದ ನ್ಯೂ ಟೆರಿಟರೀಸ್ ಪ್ರದೇಶವನ್ನು 1898ರ ಜೂನ್ 9ರ ಒಪ್ಪಂದದಲ್ಲಿ ಬ್ರಿಟನ್ 99 ವರ್ಷಕ್ಕೆ ಗುತ್ತಿಗೆ ಪಡೆದಿತ್ತು. ವಸಾಹತು, ಗುತ್ತಿಗೆ ಪ್ರದೇಶ ಎಲ್ಲ ಒಂದೇ ಜಾತಿಯವು, ಇದೂ ಮರಳಲಿ ಎಂದು ಚೀನಾ ಕೇಳಿತು. ಇದು ನೆಲದ ಪ್ರಶ್ನೆ, ಕೋರ್ಟಿನ ಹಕ್ಕಿಗೂ ಇದಕ್ಕೂ ಸಂಬಂಧವಿಲ್ಲ ಎಂದಿತು ಲಂಡನ್. ವಾದದಲ್ಲಿ ಚೀನಾದ ಪಕ್ಷ ದುರ್ಬಲವಲ್ಲ. ಆದರೆ ಆ ನೆಲವನ್ನು ಆಗ ಆಳುತ್ತಿದ್ದುದು ಜಪಾನ್. ಕೊಡಲು ಬ್ರಿಟನ್ ಕೈಯಲ್ಲಿ ಏನೂ ಇರಲಿಲ್ಲ, ಆದ್ದರಿಂದ ಬಿಟ್ಟುಕೊಡುವ ಅವಸರವೂ ಇರಲಿಲ್ಲ. ಅಮೆರಿಕ ನಡುವೆ ಬರಲಿಲ್ಲ.

ಹೊಸ ವರ್ಷದ ದಿನ ಸಹಿ ಹಾಕುವ ಯೋಚನೆ ಇದರಿಂದ ಕೆಟ್ಟಿತು. ಸೂಂಗ್, ಕೂ ಇಬ್ಬರೂ ಇದೊಂದಕ್ಕಾಗಿ ಒಪ್ಪಂದ ಕಳೆದುಕೊಳ್ಳುವುದು ಬೇಡ ಎಂದರು. ಡಿಸೆಂಬರ್ ಕೊನೆಯ ದಿನ ಚಿಯಾಂಗ್ ಒಪ್ಪಿದರು. ವಿಷಯವನ್ನು ಮುಂದೆ ಮತ್ತೆ ಎತ್ತುವ ಹಕ್ಕು ತನಗಿದೆ ಎಂದು ಚೀನಾ ಸಹಿಯ ದಿನವೇ ಪ್ರತ್ಯೇಕ ಪತ್ರ ಕೊಟ್ಟಿತು. 1945ರ ಆಗಸ್ಟ್ 30ರಂದು ಬ್ರಿಟಿಷ್ ನೌಕಾಪಡೆ ಹಾಂಗ್‌ಕಾಂಗ್ ಬಂದರಿಗೆ ಮೊದಲು ಮುಟ್ಟಿತು. ಆ ಪತ್ರ ಕಡತದಲ್ಲೇ ಉಳಿಯಿತು. ನೆಲ ಮರಳಿದ್ದು 1997ರಲ್ಲಿ, ಗುತ್ತಿಗೆ ತೀರಿದ ಮೇಲೆ.

ಹತ್ತು ದಿನದ ತಡಕ್ಕೆ ಇನ್ನೊಂದು ದಂಡವೂ ಬಿತ್ತು. ಜನವರಿ 9ರಂದು ಜಪಾನ್, ನಾನ್‌ಕಿಂಗ್‌ನಲ್ಲಿ ತಾನು ಕೂರಿಸಿದ್ದ ವಾಂಗ್ ಜಿಂಗ್‌ವೇ ಸರ್ಕಾರದ ಜೊತೆ ವಸಾಹತು ಮರಳಿಸುವ, ಕ್ಷೇತ್ರಾತೀತ ಹಕ್ಕು ಬಿಡುವ ಒಪ್ಪಂದ ಮಾಡಿಕೊಂಡು ಪ್ರಚಾರ ಶುರುಮಾಡಿತು. ಅದೇ ದಿನ ವಾಂಗ್ ಸರ್ಕಾರ ಅಮೆರಿಕ, ಬ್ರಿಟನ್‌ಗಳ ಮೇಲೆ ಯುದ್ಧ ಸಾರಿತು. ಶಾಂಘೈನ ಫ್ರೆಂಚ್ ವಸಾಹತು ಜುಲೈ 30ಕ್ಕೆ, ಅಂತರರಾಷ್ಟ್ರೀಯ ವಸಾಹತು ಆಗಸ್ಟ್ 1ಕ್ಕೆ ವಾಂಗ್ ಕಡೆಯವರ ಕೈಗೆ ಹೋದವು. ಹೀಗೆ ನೆಲದ ಮೇಲೆ ವಸಾಹತು ಮುಚ್ಚಿದ್ದು ಶತ್ರು, ಕಾಗದದ ಮೇಲೆ ಮುಚ್ಚಿದ್ದು ಮಿತ್ರರು.

ಜನವರಿ 11ರಂದು ವಾಷಿಂಗ್ಟನ್‌ನಲ್ಲಿ ಹಲ್ ಮತ್ತು ವೇ, ಚುಂಗ್‌ಕಿಂಗ್‌ನಲ್ಲಿ ಸೀಮೋರ್ ಮತ್ತು ಸೂಂಗ್ ಸಹಿ ಹಾಕಿದರು. ಫೆಬ್ರವರಿ 11ರಂದು ಅಮೆರಿಕದ ಸೆನೆಟ್ ಒಪ್ಪಿತು. ಮೇ 20ರಂದು ಅನುಮೋದನೆ ಪತ್ರಗಳ ವಿನಿಮಯವಾಗಿ ಎರಡೂ ಒಪ್ಪಂದ ಜಾರಿಗೆ ಬಂದವು.

ಮರುದಿನ, ಮೇ 21ರಂದು, ಚುಂಗ್‌ಕಿಂಗ್‌ನಲ್ಲಿ ಮತ್ತೊಂದು ಪತ್ರ ವಿನಿಮಯ. ಚೀನಾದಲ್ಲಿರುವ ಅಮೆರಿಕನ್ ಸೈನಿಕರು ಮಾಡಿದ ಅಪರಾಧಗಳ ವಿಚಾರಣೆ ಯುದ್ಧ ಮುಗಿದು ಆರು ತಿಂಗಳವರೆಗೆ ಅಮೆರಿಕನ್ ಮಿಲಿಟರಿ ಕೋರ್ಟುಗಳಲ್ಲೇ. ಮಿತ್ರ ಸೈನ್ಯಗಳ ನಡುವೆ ಇಂಥ ಏರ್ಪಾಡು ಬ್ರಿಟನ್ನಿನಲ್ಲೂ ಇತ್ತು ಎಂಬುದು ನಿಜ. ಆದರೆ ಅವಧಿ ಮುಗಿದ ಮೇಲೂ ಅದನ್ನು ಮುಂದುವರಿಸಿದ್ದು ದೊಡ್ಡ ಕೆಡುಕಾಯಿತು. 1946ರ ಡಿಸೆಂಬರ್ 24ರ ರಾತ್ರಿ ಪೀಕಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆದಾಗ ವಿಚಾರಣೆ ನಡೆಸಿದ್ದು ಅಮೆರಿಕನ್ ಮಿಲಿಟರಿ ಕೋರ್ಟು. ಅದು ಸೈನಿಕನನ್ನು ಅಪರಾಧಿ ಎಂದಿತು, 1947ರಲ್ಲಿ ವಾಷಿಂಗ್ಟನ್ ಆ ತೀರ್ಪನ್ನು ತಳ್ಳಿಹಾಕಿತು. ಘಟನೆಯ ಬೆನ್ನಿಗೇ ನಗರದಿಂದ ನಗರಕ್ಕೆ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಒಪ್ಪಂದ ತಂದುಕೊಟ್ಟ ಕೀರ್ತಿಯನ್ನು ಚಿಯಾಂಗ್ ಸರ್ಕಾರ ಕಳೆದುಕೊಂಡದ್ದರಲ್ಲಿ ಇದರ ಪಾಲು ದೊಡ್ಡದು.

ಪರಮಾಪ್ತ ಕಲಮಿನ ಗಂಟು ಮಾತ್ರ ಪೂರ್ತಿ ಸಡಿಲಾಗಿತ್ತು. ಎರಡು ದೊಡ್ಡ ದೇಶ ಬಿಟ್ಟ ಮೇಲೆ ಉಳಿದವರಿಗೆ ನಿಲ್ಲಲು ನೆಲೆಯಿರಲಿಲ್ಲ. ಬೆಲ್ಜಿಯಂ, ನಾರ್ವೆ 1943ರಲ್ಲೇ, ಕೆನಡಾ 1944ರಲ್ಲಿ, ಸ್ವೀಡನ್, ನೆದರ್‌ಲ್ಯಾಂಡ್ಸ್ 1945ರಲ್ಲಿ, ಫ್ರಾನ್ಸ್ 1946ರಲ್ಲಿ, ಪೋರ್ಚುಗಲ್ 1947ರಲ್ಲಿ ಸಹಿ ಹಾಕಿದವು.

ಭಾರತದ ಹೆಸರಿನ ಸಹಿ

ಚುಂಗ್‌ಕಿಂಗ್ ಒಪ್ಪಂದದ ಕಾಗದದಲ್ಲಿ ಸೀಮೋರ್ ಸಹಿಯ ಜೊತೆ ಇನ್ನೊಂದು ಸಹಿ ಇದೆ. ಒಪ್ಪಂದದ ಶೀರ್ಷಿಕೆಯೇ ‘ಯುನೈಟೆಡ್ ಕಿಂಗ್‌ಡಮ್ ಮತ್ತು ಭಾರತದ ಪರವಾಗಿ’ ಎನ್ನುತ್ತದೆ. ಭಾರತದ ಪರ ಸಹಿ ಮಾಡಿದವರು ಹ್ಯೂ ರಿಚರ್ಡ್‌ಸನ್, ಇಂಡಿಯನ್ ಪೊಲಿಟಿಕಲ್ ಸರ್ವಿಸ್‌ನ ಅಧಿಕಾರಿ. ಕ್ವಿಟ್ ಇಂಡಿಯಾ ಚಳವಳಿಯ ನಾಯಕರು ಜೈಲಿನಲ್ಲಿದ್ದ ಆ ತಿಂಗಳು, ಭಾರತದ ಹೆಸರಿನಲ್ಲಿ ಚೀನಾದ ಸ್ವಾತಂತ್ರ್ಯದ ಒಂದು ಪಾಲನ್ನು ಬ್ರಿಟಿಷ್ ಅಧಿಕಾರಿ ಬರೆದುಕೊಟ್ಟ.

ರಿಚರ್ಡ್‌ಸನ್ ಇದಕ್ಕೆ ಮೊದಲು ಟಿಬೆಟ್‌ನ ಗ್ಯಾಂತ್ಸೆಯಲ್ಲಿ ಬ್ರಿಟಿಷ್ ಟ್ರೇಡ್ ಏಜೆಂಟರಾಗಿದ್ದವರು. ಅಲ್ಲಿ 1904ರ ಲ್ಹಾಸಾ ದಂಡಯಾತ್ರೆಯಿಂದ ಹುಟ್ಟಿದ ಏರ್ಪಾಡು ಬೇರೆಯೇ ಇತ್ತು: ಟ್ರೇಡ್ ಏಜೆನ್ಸಿ, ಅದರ ಕಾವಲಿಗೆ ಭಾರತೀಯ ಸೈನಿಕರು, ಅಂಚೆ, ತಂತಿ, ದಾರಿಯುದ್ದಕ್ಕೂ ತಂಗುಮನೆಗಳು. 1943ರ ನಂತರವೂ ಅದು ಹಾಗೆಯೇ ನಡೆಯಿತು, 1947ರಲ್ಲಿ ಸ್ವತಂತ್ರ ಭಾರತಕ್ಕೆ ಆಸ್ತಿಯಾಗಿ ಬಂತು. ಲ್ಹಾಸಾದಲ್ಲಿ ಸ್ವತಂತ್ರ ಭಾರತದ ಪ್ರತಿನಿಧಿಯಾಗಿ 1950ರವರೆಗೆ ಉಳಿದವರೂ ಅದೇ ರಿಚರ್ಡ್‌ಸನ್. 1954ರ ಏಪ್ರಿಲ್ 29ರಂದು ಪೀಕಿಂಗ್‌ನಲ್ಲಿ ಭಾರತ ಆ ಹಕ್ಕುಗಳನ್ನು ಬಿಟ್ಟಿತು: ಯಾತುಂಗ್, ಗ್ಯಾಂತ್ಸೆಗಳ ಕಾವಲು ಪಡೆ ಆರು ತಿಂಗಳೊಳಗೆ ವಾಪಸ್ಸು, ಅಂಚೆ-ತಂತಿ ವ್ಯವಸ್ಥೆ ಮತ್ತು ಹನ್ನೆರಡು ತಂಗುಮನೆಗಳು ಚೀನಾಕ್ಕೆ.